ಜುಂಜಮ್ಮ ಫೋನಿಗೆ ಗುರ್ತು ಹಾಕಿದ್ದು

ಮತ್ತೋಡಿನ ಆಚೆಗಿನ ಗೊಲ್ಲರಹಟ್ಟಿಯಲ್ಲಿ ಜುಂಜಮ್ಮನ ಮಾತು ಅಂದರೆ ಮಾತು. ಅಕ್ಷರ ಒಂದೂ ಬಾರದು, ಸಹಿ ಮಾಡು ಅಂದರೆ ಹೆಬ್ಬೆಟ್ಟು ಮುಂದೆ ಮಾಡುತ್ತಾಳೆ. ಆದರೆ ಕುರಿಯ ಕಿವಿ ಓದುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಹಟ್ಟಿಯ ಒಂದೊಂದು ಮನೆಗೂ ಒಂದೊಂದು ಕಿವಿಗುರ್ತು. ತುದಿ ಹಾರಿಸಿದ್ದು ಒಬ್ಬರದು, ನಡುವೆ ತೂತು ಹಾಕಿದ್ದು ಇನ್ನೊಬ್ಬರದು, ಕೆಳ ಅಂಚಿಗೆ ಎರಡು ಕಚ್ಚು ಹಾಕಿದ್ದು ಜುಂಜಮ್ಮನ ಮನೆಯದು. ಮಂದೆ ಮಂದೆ ಬೆರೆತು ಜಗಳ ಹತ್ತಿದರೆ ಅವಳನ್ನೇ ಕರೆಯುತ್ತಿದ್ದರು. ಒಮ್ಮೆ ತಾಳ್ಯದ ಕಡೆಯ ಮಂದೆಯೊಳಗೆ ಎರಡು ವರ್ಷದ ಕೆಳಗೆ ಕಳೆದಿದ್ದ ಕುರಿಯನ್ನು, ಕಣ್ಣು ಮುಚ್ಚಿಕೊಂಡು ಕಿವಿ ಸವರಿಯೇ, "ಇದು ತಿಪ್ಪಯ್ಯನ ಮನೇದು, ಬಿಡ್ರಿ" ಅಂದಿದ್ದಳು. ಬಿಟ್ಟರು. ಅವಳು ಹೇಳಿದ ಮೇಲೆ ಮುಗಿಯಿತು, ದೇವರಾಣೆ ಗೀವರಾಣೆ ಯಾರೂ ಕೇಳುತ್ತಿರಲಿಲ್ಲ.

ಅಂಥವಳನ್ನು ಎರಡು ಸಾವಿರದ ಏಳನೇ ಇಸವಿಯಲ್ಲಿ ಒಂದು ಅಂಗೈಯಗಲದ ಫೋನು ಸುಳ್ಳಿ ಅನ್ನಿಸಿಬಿಟ್ಟಿತು ನೋಡಿ.

ಗಂಡ ಮಂಜಣ್ಣ ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಭದ್ರಾ ಕಾಲುವೆಯ ಬಯಲಿಗೆ ಹೋದರೆ ಮೂರು ತಿಂಗಳು ಮುಖ ಕಾಣುವುದಿಲ್ಲ. ಅವನ ಹತ್ತಿರ ಹಳೆಯದೊಂದು ಫೋನಿತ್ತು, ಹಟ್ಟಿಯಲ್ಲೂ ಒಂದು ಬೇಕಿತ್ತು. ಜುಂಜಮ್ಮ ಹೊಸದುರ್ಗಕ್ಕೆ ಹೋಗಿ ಚೇತನ್‌ಕುಮಾರನ ಅಂಗಡಿಯಲ್ಲಿ ಹೊಸ ಫೋನು ಕೊಂಡಳು. "ಒಂದು ವರ್ಷ ವಾರಂಟಿ ಐತಮ್ಮ, ಏನಾರ ಆದ್ರೆ ನಾನಿಲ್ವಾ?" ಅಂದ ಚೇತನ್. ಬಿಲ್ಲು ಬರೆದ, ಫೋನಿನ ಒಳಗೆ ಅಚ್ಚಾದ ಗುರುತಿನ ನಂಬರು ಬರೆಯುವ ಜಾಗ ಮಾತ್ರ ಖಾಲಿ ಬಿಟ್ಟ. ಅದು ಇವಳಿಗೆ ಹೇಗೆ ಗೊತ್ತಾಗಬೇಕು?

ಮನೆಗೆ ಬಂದವಳು ಮೊದಲು ಮಾಡಿದ ಕೆಲಸ, ಚೂರಿ ತಗೊಂಡು ಫೋನಿನ ಬಲಗಡೆ ಕೆಳ ಅಂಚಿಗೆ ಎರಡು ಕಚ್ಚು ಹಾಕಿದ್ದು. ಮನೆಗೆ ಬಂದ ಮರಿಗೆ ಮೊದಲ ದಿನವೇ ಗುರ್ತು ಹಾಕುವುದು ಅವರ ಪದ್ಧತಿ. ಫೋನೂ ಮನೆಗೆ ಬಂದದ್ದೇ ಅಲ್ಲವೇ!

ಇಪ್ಪತ್ತೆರಡನೇ ದಿನಕ್ಕೆ ಫೋನಿನ ಪರದೆ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಬಿದ್ದಿಲ್ಲ, ನೆನೆದಿಲ್ಲ, ಗೂಡಿನಲ್ಲಿ ಇಟ್ಟಿದ್ದು ಇಟ್ಟ ಹಾಗೇ ಇತ್ತು. ಜುಂಜಮ್ಮ ಬಿಲ್ಲು ಹಿಡಿದು ಅಂಗಡಿಗೆ ಹೋದಳು. ಚೇತನ್ ಫೋನು ತಿರುಗಿಸಿ ನೋಡಿದವನೇ ಕಚ್ಚಿನ ಮೇಲೆ ಬೆರಳಿಟ್ಟ.

"ಚಾಕು ಹಾಕಿದೀಯಲ್ಲಮ್ಮ! ಬಿಚ್ಚಾಕೆ ಹೋಗಿ ಕೆಡಿಸಿ, ಈಗ ತಾನಾಗೇ ಕೆಟ್ಟೋಯ್ತು ಅಂತ ಸುಳ್ಳು ಹೇಳ್ತೀಯಾ?"

"ಅದು ನಮ್ಮನೆ ಗುರ್ತು ಕಣಪ್ಪ. ಕುರೀಗೆ ಹಾಕಾದೇ ಅದು."

ಅಂಗಡಿಯಲ್ಲಿದ್ದವರು ಗೊಳ್ಳೆಂದು ನಕ್ಕರು. "ಫೋನಿಗೆ ಕಿವಿ ಕುಯ್ದಳಂತೆ! ಸುಳ್ಳು ಹೇಳಿದ್ರೂ ಚೆನ್ನಾಗಿ ಹೇಳ್ಬೇಕು" ಅಂದ ಚೇತನ್. ನಗುತ್ತಿದ್ದವರೊಳಗೆ ಅವಳದೇ ಹಟ್ಟಿಯ ಯಲ್ಲಕ್ಕನೂ ಇದ್ದಳು. ಜುಂಜಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

"ಸರಿ. ಈಗಂದಿದ್ದನ್ನ ಬರ್ದು ಕೊಡು" ಅಂದಳು.

"ಯಾಕೆ?"

"ಬಾಯಿ ಮಾತು ಗಾಳಿಗೆ ಹೋಗ್ತತೆ. ಬರ್ದು ಕೊಡು, ಹೋಗ್ತೀನಿ."

ಅವನು ಕೊಡಲಿಲ್ಲ. ಇವಳು ಅಂಗಡಿಯ ಮೆಟ್ಟಿಲ ಮೇಲೆ ಕುಂತಳು. ಬಂದ ಗಿರಾಕಿಗಳು ಅವಳನ್ನು ದಾಟಿಕೊಂಡೇ ಒಳಗೆ ಹೋಗಬೇಕು, ಬಂದವರಿಗೆಲ್ಲ ಇವಳು ಫೋನಿನ ಕಥೆ ಮೊದಲಿಂದ ಹೇಳಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಚೇತನ್ ಸೋತ. ಅಂಗಡಿಯ ಹೆಸರಿದ್ದ ಹಾಳೆಯ ಮೇಲೆ, 'ಫೋನಿನ ಬಲಬದಿಯ ಕೆಳ ಅಂಚಿನಲ್ಲಿ ಚಾಕುವಿನಿಂದ ಕತ್ತರಿಸಿದ ಎರಡು ಗುರುತುಗಳಿವೆ, ಆದ್ದರಿಂದ ವಾರಂಟಿ ಸಿಗುವುದಿಲ್ಲ' ಎಂದು ಗೀಚಿ, ಸೀಲು ಒತ್ತಿ ಬಿಸಾಕಿದ. "ಫೋನು ಇಲ್ಲೇ ಇರ್ಲಿ, ಕಂಪನಿಗೆ ತೋರಿಸ್ತೀನಿ" ಅಂತ ಸಬೂಬು ಹೇಳಿದ. ತಿಂಗಳೊಪ್ಪತ್ತು ಅಲೆದರೂ ತೋರಿಸಿದ್ದೂ ಇಲ್ಲ, ಕೊಟ್ಟಿದ್ದೂ ಇಲ್ಲ.

ಅಷ್ಟರಲ್ಲಿ ಯಲ್ಲಕ್ಕನ ಬಾಯಿ ಹಟ್ಟಿಯೆಲ್ಲ ಸುತ್ತಿತ್ತು. ಒಂದು ದಿನ ಬೋರಣ್ಣನ ಮಂದೆಯಲ್ಲಿ ಒಂದು ಟಗರಿನ ತಕರಾರು ಬಂತು. ಜುಂಜಮ್ಮ ಎಂದಿನಂತೆ ಕಿವಿ ಸವರಿ ಹೇಳಿದಳು. ಬೋರಣ್ಣ ಬೇರೆ ಕಡೆ ನೋಡುತ್ತಾ, "ಫೋನು ಕುಯ್ದು ಕೆಡಿಸಿ, ನಾನಲ್ಲ ಅಂದೋಳು, ಇದ್ನ ಹೆಂಗೆ ನಂಬಾದು?" ಅಂದ. ಯಾರೂ ಅವನನ್ನು ಗದರಲಿಲ್ಲ. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಬಯಲಿನಿಂದ ಮರಳಿದ್ದ ಮಂಜಣ್ಣ ಆ ಸಂಜೆ ಸಮಾಧಾನ ಹೇಳಿದ. "ಹೋಗ್ಲಿ ಬಿಡೇ, ಇನ್ನೊಂದು ತಗಂಡ್ರಾತು."

"ಫೋನು ಹೋದ್ರೆ ಇನ್ನೊಂದು ತರ್ಬೋದು. ಮಾತು ಹೋದ್ರೆ ತರಾಕೆ ಯಾವ ಅಂಗ್ಡಿ ಐತೆ ಹೇಳು."



ಮಾರನೇ ದಿನ ಅವಳು ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಬಸ್ಸು ಹತ್ತಿದಳು. ಗ್ರಾಹಕರಿಗೆ ಮೋಸವಾದರೆ ದುರ್ಗದಲ್ಲಿ ಒಂದು ವೇದಿಕೆ ಇದೆ, ವಕೀಲರಿಲ್ಲದೆಯೂ ದೂರು ಕೊಡಬಹುದು ಅಂತ ಕುರಿ ಕಾಯುವಾಗ ರೇಡಿಯೋದಲ್ಲಿ ಕೇಳಿದ್ದಳು. ಕೋರ್ಟಿನ ಹತ್ತಿರ ಬೇವಿನ ಮರದ ಕೆಳಗೆ ಟೈಪು ಕುಟ್ಟುತ್ತಿದ್ದ ಲಕ್ಷ್ಮೀಕಾಂತ್ ಅವಳ ಕಥೆ ಪೂರ್ತಿ ಕೇಳಿದ. ಬಿಲ್ಲು ನೋಡಿದ, ವಾರಂಟಿ ಚೀಟಿ ನೋಡಿದ, ಚೇತನ್ ಬರೆದುಕೊಟ್ಟ ಹಾಳೆ ನೋಡಿ ಕನ್ನಡಕ ತೆಗೆದ.

"ಇದನ್ನ ಹೆಂಗೆ ಬರೆಸ್ಕಂಡೆ ತಾಯಿ?"

"ಮೆಟ್ಲ ಮ್ಯಾಲೆ ಕುಂತಿದ್ದೆ."

ಲಕ್ಷ್ಮೀಕಾಂತ್ ನಕ್ಕು ಹಾಳೆ ಮಡಚಿಕೊಟ್ಟ. "ಹೊರಗಡೆ ಎರಡು ಗೀಟು ಬಿದ್ದಿದ್ದಕ್ಕೇ ಒಳಗಿನ ಪರದೆ ಸತ್ತೋಯ್ತು ಅಂತ ಅವರು ತೋರಿಸ್ಬೇಕು, ಸುಮ್ನೆ ಇಲ್ಲ ಅಂದ್ರೆ ನಡೆಯಲ್ಲ. ಈ ಹಾಳೆ ಮಾತ್ರ ಜೋಪಾನ" ಅಂದ. ಅದರ ನಕಲನ್ನು ದೂರಿಗೆ ಲಗತ್ತಿಸಿದ. ಜುಂಜಮ್ಮ ಹೆಬ್ಬೆಟ್ಟು ಒತ್ತಿದಳು.

ಆಮೇಲೆ ಶುರುವಾಯಿತು ವಾಯಿದೆ. ಒಂದು ಸಲ ಚೇತನ್ ಬರಲಿಲ್ಲ, ಒಂದು ಸಲ ಅವನ ವಕೀಲ ಬರಲಿಲ್ಲ, ಒಂದು ಸಲ ಇಬ್ಬರೂ ಬಂದು ಟೈಮು ಕೇಳಿದರು. ಜುಂಜಮ್ಮ ಒಂದು ಸಲವೂ ತಪ್ಪಿಸಲಿಲ್ಲ. ಕೋಳಿ ಕೂಗುವಾಗ ಎದ್ದು ಮುದ್ದೆ ಕಟ್ಟಿಕೊಂಡು ಹೊರಟರೆ ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. "ಕುರಿ ಕಾಯೋಳು ಕೋರ್ಟು ಕಾಯಾಕೆ ನಿಂತ್ಳು" ಅಂತ ಹಟ್ಟಿಯವರು ಆಡಿಕೊಂಡರು. ಆಡಿಕೊಳ್ಳಲಿ! ಕುರಿ ಕಾಯುವವರಿಗೆ ಕಾಯುವುದನ್ನು ಯಾರಾದರೂ ಕಲಿಸಬೇಕೇ?

ಏಳನೇ ವಾಯಿದೆಗೆ ಚೇತನ್‌ನ ವಕೀಲ ಹೊಸ ರಾಗ ತೆಗೆದ. ಫೋನು ನೀರಿಗೆ ಬಿದ್ದಿದೆ, ಒಳಗೆಲ್ಲ ತುಕ್ಕು ಹಿಡಿದಿದೆ, ಈಯಮ್ಮ ಹೇಳುವುದೆಲ್ಲ ಸುಳ್ಳು ಅಂತ ವಾದ ಮಾಡಿ, ಒಂದು ಫೋನನ್ನು ಮೇಜಿನ ಮೇಲೆ ಇಟ್ಟ. ಎರಡು ಗೀಟಿಗೆ ವಾರಂಟಿ ಹೋಗುತ್ತದೆ ಅಂದರೆ ಯಾರೂ ಒಪ್ಪುವುದಿಲ್ಲ, ನೀರು ಅಂದರೆ ಕೇಸು ಗಟ್ಟಿ ಅನ್ನುವುದು ಅವನ ಲೆಕ್ಕಾಚಾರ.

ವೇದಿಕೆಯ ಅಧ್ಯಕ್ಷರು ಕೇಳಿದರು. "ಇದು ನಿಮ್ಮ ಫೋನೇ ಏನಮ್ಮ?"

"ಮುಟ್ಟಿ ನೋಡ್ಲಾ ಸ್ವಾಮಿ?"

"ನೋಡಿ."

ಜುಂಜಮ್ಮ ಫೋನು ಕೈಗೆ ತಗೊಂಡಳು. ಕಣ್ಣು ಮುಚ್ಚಿ ಹೆಬ್ಬೆರಳನ್ನು ಬಲಗಡೆಯ ಅಂಚಿನ ಮೇಲೆ ಆಡಿಸಿದಳು. ಒಂದು ಸಲ, ಇನ್ನೊಂದು ಸಲ. ಅಂಚು ನುಣ್ಣಗಿತ್ತು.

"ಇದು ನಮ್ಮನೇದಲ್ಲ" ಅಂದಳು.

ವಕೀಲ ನಕ್ಕುಬಿಟ್ಟ. "ಸ್ವಾಮಿ, ಅದೇ ಕಂಪನಿ, ಅದೇ ಮಾಡಲ್, ಅದೇ ಬಣ್ಣ! ಕಣ್ಣು ಮುಚ್ಕೊಂಡು ಅಲ್ಲ ಅಂದ್ರೆ ಆಯ್ತಾ?"

"ಕುರೀನೂ ಎಲ್ಲಾ ಒಂದೇ ಬಣ್ಣ ಇರ್ತವೆ ಸ್ವಾಮಿ. ಅದಕ್ಕೇ ಗುರ್ತು ಹಾಕಾದು." ಅವಳು ಮಡಿಲಿನಿಂದ ಆ ಹಾಳೆ ತೆಗೆದು ಮೇಜಿನ ಮೇಲೆ ಹರವಿದಳು. "ಇದ್ನ ಓದ್ರಿ. ನಾನು ಹೇಳಿದ್ದಲ್ಲ, ಅಂಗ್ಡಿ ಸಾವ್ಕಾರನೇ ಬರ್ದಿರಾದು."

ಅಧ್ಯಕ್ಷರು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಫೋನನ್ನು ಬೆಳಕಿಗೆ ಹಿಡಿದು ನಾಲ್ಕೂ ಕಡೆ ತಿರುಗಿಸಿದರು. ಪಕ್ಕದಲ್ಲಿದ್ದ ಮಹಿಳಾ ಸದಸ್ಯೆಯೂ ಈಸಿಕೊಂಡು ನೋಡಿದರು.

"ಚಾಕುವಿನ ಎರಡು ಗುರುತು ಎಲ್ಲಿವೆ, ವಕೀಲರೇ?"

ವಕೀಲ ಚೇತನ್ ಕಡೆ ನೋಡಿದ. ಚೇತನ್ ನೆಲ ನೋಡಿದ. ಅವಳ ಫೋನನ್ನು ಎಂದೋ ಬಿಚ್ಚಿ ಬಿಡಿಭಾಗ ಮಾಡಿಕೊಂಡು, ಇದ್ಯಾವುದೋ ನೀರಿಗೆ ಬಿದ್ದದ್ದನ್ನು ತಂದಿದ್ದ. ಬಿಲ್ಲಿನಲ್ಲಿ ನಂಬರಿಲ್ಲ, ಹಟ್ಟಿಯ ಹೆಂಗಸಿಗೆ ಏನು ಗೊತ್ತಾದೀತು ಅಂದುಕೊಂಡಿದ್ದ; ತಾನೇ ಗೀಚಿಕೊಟ್ಟ ಹಾಳೆ ಮಾತ್ರ ಅವನಿಗೆ ಮರೆತೇಹೋಗಿತ್ತು. ಕೊನೆಗೆ ಅದನ್ನು ತನ್ನ ಬಾಯಲ್ಲೇ ಒಪ್ಪಿಕೊಳ್ಳಬೇಕಾಯಿತು.

ತಿಂಗಳೊಳಗೆ ಆದೇಶ ಬಂತು. ಅದೇ ಮಾಡಲಿನ ಹೊಸ ಫೋನು ಕೊಡಬೇಕು, ಓಡಾಡಿದ ಖರ್ಚನ್ನೂ ಕೊಡಬೇಕು. ಲಕ್ಷ್ಮೀಕಾಂತ್ ಓದಿ ಹೇಳುವಾಗ ಜುಂಜಮ್ಮ ಒಂದೇ ಪ್ರಶ್ನೆ ಕೇಳಿದಳು. "ನಾನು ಸುಳ್ಳು ಹೇಳಿಲ್ಲ ಅಂತ ಬರ್ದವ್ರಾ?"

"ದೂರುದಾರರ ಮಾತು ನಂಬಲರ್ಹವಾಗಿದೆ ಅಂತ ಬರ್ದವ್ರೆ."

ಅಲ್ಲಿಯವರೆಗೂ ಅಳದವಳು ಆಗ ಬೇವಿನ ಮರದ ಕೆಳಗೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಫೋನು ತರಲು ಹೊಸದುರ್ಗಕ್ಕೆ ಹೋಗುವ ದಿನ ಮಂಜಣ್ಣ ಬರ್ತೀನಿ ಅಂದ. ಇವಳು ಅವನನ್ನು ಬಿಟ್ಟು, ಯಲ್ಲಕ್ಕನ ಮನೆ ಬಾಗಿಲಲ್ಲಿ ನಿಂತು, "ಬಾರೇ, ಪ್ಯಾಟೆಗೆ ಹೋಗಾಣ" ಅಂತ ಅವಳನ್ನು ಹೊರಡಿಸಿದಳು.

ಅಂಗಡಿಯಲ್ಲಿ ಚೇತನ್ ಈ ಸಲ "ಬರ್ರಿ, ಕುಂತ್ಕಳ್ರಿ" ಅಂದ. ಡಬ್ಬಿ ಒಡೆದು ಹೊಸ ಫೋನು ಕೈಗಿಟ್ಟ. ಜುಂಜಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆಯ ಬಾಳೇಕಾಯಿ ಚೀಲದಿಂದ ಚೂರಿ ತೆಗೆದಳು.

"ಅಯ್ಯೋ ಅಮ್ಮಾ, ವಾರಂಟಿ..." ಅಂತ ಬಾಯಿ ತೆರೆದ ಚೇತನ್, ಅವಳ ಮುಖ ನೋಡಿ ಮುಚ್ಚಿಕೊಂಡ.

ಗಾಜಿನ ಮೇಜಿನ ಮೇಲಿಟ್ಟು, ಬಲಗಡೆ ಕೆಳ ಅಂಚಿಗೆ, ಮರಿಯ ಕಿವಿಗೆ ಹಾಕುವಷ್ಟೇ ನಾಜೂಕಾಗಿ ಎರಡು ಕಚ್ಚು ಹಾಕಿದಳು. "ಬಿಲ್ಲಿನಾಗೆ ಬರ್ಕ. ನಂಬರೂ ಬರಿ, ಗುರ್ತೂ ಬರಿ" ಅಂದಳು. ಅವನು ಎರಡನ್ನೂ ಬರೆದ.

ಆಮೇಲೆ ಅವಳು ಫೋನನ್ನು ಯಲ್ಲಕ್ಕನ ಕೈಗೆ ಕೊಟ್ಟಳು. "ಕಣ್ಮುಚ್ಚಿ ನೋಡು. ಯಾರ್ದು ಹೇಳು."

ಯಲ್ಲಕ್ಕ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದಳು. ಮುಖ ಕೆಂಪಗಾಯಿತು. "ನಿಂದೇ ಕಣವ್ವ. ಇನ್ಯಾರ್ದು."

"ಹಟ್ಟೀಲೂ ಹಂಗೇ ಹೇಳು" ಅಂದಳು ಜುಂಜಮ್ಮ.