ಕುಂಕುಮ ಹಚ್ಚಿದ ಮೆಮೊರಿ

ಲ್ಯಾಪ್‌ಟಾಪ್ ಕೆಟ್ಟಿದ್ದು ನನ್ನ ಸೊಸೆಯಿಂದಲ್ಲ, ನನ್ನ ಮಗನ ಭಕ್ತಿಯಿಂದ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ನೆಂಟರಲ್ಲಿ ಇವತ್ತಿಗೂ ಬೇರೆ ಕಥೆ ಓಡಾಡುತ್ತಿದೆ. ಈಗ ನೆನಪಾಗಿದ್ದು, ಎದುರು ಮನೆಯವನು ಹೊಸ ಫೋನಿಗೆ ಅರಿಶಿನ ಹಚ್ಚುತ್ತಿದ್ದುದನ್ನು ನೋಡಿ. ಚಾರ್ಜರ್ ಚುಚ್ಚೋ ತೂತು ಬಿಟ್ಟು ಹಚ್ಚಪ್ಪ ಅಂದೆ. ನಕ್ಕ. ಅವನು ನಗಲಿ, ನೀವು ಕೇಳಿ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಕುವೆಂಪುನಗರದ ಮನೆಯಲ್ಲೇ ಕೂತು ಸೊಸೆ ಶೋಭಾ ಒಂದು ಪ್ರೆಸ್ಸಿಗೆ ಕನ್ನಡ ಟೈಪು ಮಾಡಿಕೊಡುತ್ತಿದ್ದಳು. ಅವಳ ಲ್ಯಾಪ್‌ಟಾಪು ಸೆಕೆಂಡ್‌ಹ್ಯಾಂಡು. ಒಂದು ಪುಟ ತೆರೆಯುವಷ್ಟರಲ್ಲಿ ನಾನು ಒಂದು ಸೇರು ಅವರೆಕಾಯಿ ಸುಲಿದು ಮುಗಿಸುತ್ತಿದ್ದೆ. ಮೆಮೊರಿ ಸಾಲದು, ಜಾಸ್ತಿಯದು ಹಾಕಬೇಕು ಅಂದ ಮಗ. ಹೂಟಗಳ್ಳಿ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು, ಅವನಿಗೆ ತಿಳಿಯದ ಯಂತ್ರ ಇನ್ನೂ ಹುಟ್ಟಿಲ್ಲ. ಅವನು ಮಿಕ್ಸಿ ರಿಪೇರಿ ಮಾಡಿದ ಮೇಲೆ ನಾನು ಒರಳಿಗೆ ವಾಪಸ್ ಬಂದವಳು.

ಆಯುಧಪೂಜೆ ದಿನ ಮೆಮೊರಿ ತಂದ. ಬೆರಳುದ್ದದ ಹಸಿರು ಪಟ್ಟಿ, ಒಂದು ಅಂಚಿಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲು. ಸ್ಪ್ಯಾನರು, ಸ್ಕೂಟರು, ಈಳಿಗೆಮಣೆ ಜೊತೆ ಅದಕ್ಕೂ ಪೂಜೆ. ಚಿನ್ನ ಕಂಡಿತಲ್ಲ, ಕಲಸಿದ ಅರಿಶಿನ ಕುಂಕುಮವನ್ನು ಆ ಹಲ್ಲುಗಳ ಮೇಲೇ ಬಳಿದ. ಮಾರನೇ ದಿನ ಹಳೇ ಪಟ್ಟಿಯನ್ನು ಇಕ್ಕಳದಲ್ಲಿ ಎಳೆದು ಮುರಿದು, ಇದನ್ನು ಒಳಗೆ ತುರುಕಿದ. ಲ್ಯಾಪ್‌ಟಾಪು ಕೀ ಅಂದು ಸುಮ್ಮನಾಯಿತು.

ಶೋಭಾ ಅದರಲ್ಲಿ ಟೈಪು ಮಾಡಿಟ್ಟಿದ್ದ ಶಾಲೆ ಗೈಡೊಂದನ್ನು ಮಾರನೇ ದಿನ ಸಂಜೆ ಕೊಡಬೇಕಿತ್ತು. ತಪ್ಪಿದರೆ ಕೆಲಸ ಬೇರೆಯವರಿಗೆ ಅಂತ ಪ್ರೆಸ್ಸಿನವರು ಹೇಳಿದ್ದರು. ಅಂಗಡಿಗೆ ಒಯ್ಯೋಣ ಅಂದಳು. ಬೇಡವೇ ಬೇಡ ಅಂದ. ಬಿಚ್ಚಿದರೆ ಒಳಗೆ ಮಾರಿಗುಡಿ ಕಾಣುತ್ತಲ್ಲ. ಹಬ್ಬಕ್ಕೆ ಬಂದಿದ್ದ ನೆಂಟರ ಮುಂದೆ ಬೇರೆ ಕಾರಣ ಹುಡುಕಿದ.

"ಪೂಜೆ ದಿನ ಮುಟ್ಬೇಡ ಅಂದ್ರೂ ಟೈಪ್ ಮಾಡಿದ್ಲು ಕಣಮ್ಮ. ದೇವ್ರು ಸುಮ್ನೆ ಬುಡ್ತಾನಾ? ಸಾಕು, ಆ ಕೆಲಸ ಬುಟ್ಬುಡ್ಲಿ."

ನೆಂಟರು ತಲೆಯಾಡಿಸಿದರು. ಒಬ್ಬಟ್ಟು ತಟ್ಟಿದ್ದು ಶೋಭಾ, ತಲೆ ಆಡಿದ್ದು ಅವನ ಕಡೆಗೆ.

"ದೇವ್ರಿಗೆ ಬೇರೆ ಕೆಲಸ ಇದೆ ಕಣೋ," ಅಂದೆ. "ಟಾರ್ಚಿನ ಸೆಲ್ಲಿಗೆ ಗಲೀಜು ಮೆತ್ತಿದ್ರೆ ಹತ್ತಲ್ಲ. ಕುಂಕುಮ ಎಲ್ಲಿ ಬಳಿದೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

ಅವನು ಟಿವಿ ಜೋರು ಮಾಡಿದ.

ಮಾರನೇ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಸ್ಕೂಟರಿನ ಕೀ ತೆಗೆದು ಸೊಸೆ ಕೈಗಿಟ್ಟೆ. ಲ್ಯಾಪ್‌ಟಾಪನ್ನು ಹಳೇ ಟವಲಿನಲ್ಲಿ ಸುತ್ತಿ ತೊಡೆ ಮೇಲಿಟ್ಟುಕೊಂಡು ಹಿಂದೆ ಕೂತೆ. ನೊರೆ ಬಾಯಲ್ಲೇ ಗೇಟಿಗೆ ಓಡಿ ಬಂದು, ಅಂಗಡೀಲಿ ಏನಂತ ಹೇಳ್ತೀಯಮ್ಮ ಅಂದ. ನಡಿಯಮ್ಮ ಅಂದೆ ಸೊಸೆಗೆ. ಅಂಗಡಿಯವನು ಪಟ್ಟಿ ತೆಗೆದು, ಹಲ್ಲು ಒರೆಸಿ, ಮತ್ತೆ ಕೂರಿಸಿದ. ಪರದೆ ಬೆಳಗಿತು. ಶೋಭಾ ನಿಂತಲ್ಲೇ ಗೈಡು ಹುಡುಕಿದಳು, ಇತ್ತು. ಇದಕ್ಕೆ ಕುಂಕುಮ ಇಟ್ಟ ಮಹಾನುಭಾವರು ಯಾರಜ್ಜಿ ಅಂತ ಕೇಳಿದ ಅಂಗಡಿಯವನು. ಅಂಗಡಿ ತುಂಬ ಗಿರಾಕಿಗಳಿದ್ದರು. ಕೊನೆಯವನಿಗೂ ಕೇಳಿಸುವ ಹಾಗೆ ಮಗನ ಹೆಸರು ಹೇಳಿದೆ.