ಅವ್ವನ ಸೆರಗಿನ ಹುರಿಗಡಲೆ

ಹೈದರಾಬಾದಿನ ಮೇಲೆ ವಿಮಾನ ಇಳಿಯತೊಡಗಿತ್ತು. ಮುಂಬಯಿಯಲ್ಲಿ ಕಿವಿಯ ಆಪರೇಷನ್ ಮಾಡಿಸಿಕೊಂಡ ಅವ್ವನನ್ನು ಮಸ್ಕಿಗೆ ಕರೆದೊಯ್ಯುತ್ತಿದ್ದೆ. ಇಳಿಯುವಾಗ ಏನಾದರೂ ಅಗಿಯುತ್ತಲೇ ಇರಬೇಕು, ಇಲ್ಲದಿದ್ದರೆ ಕಿವಿಯ ತಮಟೆಗೆ ಪೆಟ್ಟು ಬೀಳುತ್ತದೆ ಎಂದಿದ್ದರು ಡಾಕ್ಟರು.

ಅವ್ವ ಸೆರಗಿನ ಗಂಟು ಬಿಚ್ಚಿ ಹುರಿಗಡಲೆ ತೆಗೆದಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಸಿಂಧನೂರಿನ ಬಸ್ಸಿನಲ್ಲಿ ಮಾಡುವಂತೆ, ಪಕ್ಕದಲ್ಲಿದ್ದ ಟೈ ಕಟ್ಟಿದವರಿಗೆ ಮೊದಲು ಚಾಚಿದಳು.

"ತಗೋರಿ ಯಪ್ಪಾ, ನಾ ಒಬ್ಬಾಕೀನ ಹ್ಯಾಂಗ ತಿನ್ಲಿ?"

ಕಿವಿ ಹೋಗುವ ಹೊತ್ತಿನಲ್ಲೂ ಇವಳಿಗೆ ಉಪಚಾರ! ಹಿಂದಿನ ಸಾಲಿಗೂ ಹಂಚಿದ ಮೇಲೆಯೇ ತಾನು ಮುಕ್ಕಿದಳು. ಸುತ್ತಲಿನ ಸೀಟುಗಳಲ್ಲೆಲ್ಲ ಕಟಕಟ ಸದ್ದು.

ಚಕ್ರ ನೆಲಕ್ಕೆ ತಾಗಿತು. ಹತ್ತು ವರ್ಷದ ರೂಢಿಯಂತೆ ಅವಳ ಕಿವಿಗೆ ಬಾಯಿಟ್ಟು ಕೂಗಿದೆ: "ಅವ್ವಾ, ಕಿವಿ ಹ್ಯಾಂಗೈತಿ?"

"ಯಾಕಲೇ ಒದರಾಕತ್ತೀ? ನಾ ಏನು ಕಿವುಡಿ ಅದೀನೇನು?"