ಫೋಟೊದಲ್ಲಿಲ್ಲದ ಟೀಚರ್

ಹೊಲಿಗೆ ಪೆಟ್ಟಿಗೆಯ ತಳದಲ್ಲಿ, ಗುಂಡಿಗಳ ನಡುವೆ ಹಳೆಯ ಕಾಲರ್ ಮೈಕೊಂದು ಸಿಕ್ಕಿತು. ಅದರ ತುದಿಯ ಕಪ್ಪು ಸ್ಪಂಜು ಮುಟ್ಟಿದ ಕೂಡಲೇ ಪುಡಿಯಾಗಿ ಬೆರಳಿಗೆ ಅಂಟಿತು. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಆದರೂ ಲವಂಗದ ವಾಸನೆ ಬಂದ ಹಾಗಾಯಿತು. ಆ ಮೈಕ್ ಬಳಸಿದ ದಿನಗಳಲ್ಲಿ ಮೇಲಿನ ಮನೆಯ ಟೀಚರ್ ಸದಾ ಬಾಯಲ್ಲಿ ಲವಂಗ ಇಟ್ಟುಕೊಂಡಿರುತ್ತಿದ್ದರು. ಗಂಟಲಿಗೆ ಒಳ್ಳೆಯದು ಅಂತ…

ಮಣ್ಣಗುಡ್ಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ತಲೆಯ ಮೇಲಿನ ಮನೆ ಅವರದ್ದು. ಪ್ರೈಮರಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಸುರತ್ಕಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದರು. ದೇವಸ್ಥಾನದ ಭಟ್ಟರ ಮನೆತನದ ಅವರು, ಬ್ಯಾರಿ ಮುಸ್ಲಿಮರ ಮನೆಯ ನಾನು, ಮೆಟ್ಟಿಲಲ್ಲಿ ನಿಂತು ಮಾತಾಡಿ ಮಾತಾಡಿಯೇ ಹತ್ತಿರವಾದವರು. ನನ್ನ ಗಂಡ ಆಗ ದುಬೈಯಲ್ಲಿ ಅಂಗಡಿ ಕೆಲಸದಲ್ಲಿದ್ದರು. ಮಕ್ಕಳ ಫೋಟೊ, ತುಂಡು ವಿಡಿಯೊಗಳನ್ನೆಲ್ಲ ಜೋಡಿಸಿ, ಹಿಂದೆ ಒಂದು ಹಾಡು ಹಾಕಿ ಅವರಿಗೆ ಕಳಿಸುವುದು ನನಗೆ ಅಭ್ಯಾಸವಾಗಿತ್ತು. ಟೀಚರಿಗೆ ಅದು ಗೊತ್ತಿತ್ತು.

ಒಂದು ಮಧ್ಯಾಹ್ನ ಅವರು ಕೆಳಗೆ ಬಂದು ಸೋಫಾದ ತುದಿಯಲ್ಲಿ ಕೂತರು. ತಿಂಗಳುಗಳಿಂದ ಸ್ವರ ಒಡೆದಿತ್ತು. ವರ್ಷಗಟ್ಟಲೆ ಮಕ್ಕಳೆದುರು ಕಿರುಚಿದ್ದರಿಂದ ಹೀಗಾಗಿದೆ ಎಂದೇ ನಾವೆಲ್ಲ ನಂಬಿದ್ದೆವು.

"ಕ್ಯಾನ್ಸರಂತೆ ಮಗಾ. ಸ್ವರಪೆಟ್ಟಿಗೆಯನ್ನೇ ತೆಗೀಬೇಕಂತೆ. ಮತ್ತೆ ಮಾತು ಬರುದಿಲ್ಲ. ಉಸಿರಾಡ್ಲಿಕ್ಕೆ ಕುತ್ತಿಗೆಯಲ್ಲಿ ಒಂದು ತೂತು ಮಾಡ್ತಾರಂತೆ."

ಅವರ ಮಗಳು ಆಗ ತುಂಬಿದ ಬಸುರಿ. ಬಿಪಿ ಹೆಚ್ಚಾಗಿದೆ, ಮನಸ್ಸಿಗೆ ಆಘಾತ ಆಗಬಾರದು ಎಂದು ಡಾಕ್ಟರು ಹೇಳಿದ್ದರಿಂದ, ಗಂಟಲಿನ ಸಣ್ಣ ಗಂಟು ತೆಗೆಸಲಿಕ್ಕೆ ಉಂಟು ಎಂದಷ್ಟೇ ಟೀಚರ್ ಅವಳಿಗೆ ಹೇಳಿದ್ದರು. ಆಪರೇಶನ್ನಿಗೆ ಒಂದು ವಾರವೂ ಇರಲಿಲ್ಲ. ಹುಟ್ಟುವ ಮಗುವಿಗೆ ತನ್ನ ಸ್ವರ ಇರಬೇಕು, ಮನೆಯ ಫೋಟೊಗಳನ್ನು ತೋರಿಸುತ್ತಾ ಇದು ನಿನ್ನ ಅಜ್ಜ, ಇದು ನಿನ್ನ ಅಮ್ಮನ ಮೊದಲ ಸೈಕಲ್ ಎಂದು ತಾನೇ ಹೇಳಬೇಕು… ಅಂಥದೊಂದು ಸ್ಲೈಡ್‌ಶೋ ಮಾಡಿ ಕೊಡ್ತೀಯಾ ಎಂದು ಕೇಳಲು ಬಂದಿದ್ದರು.

ಮರುದಿನ ಅವರ ಸೆರಗಿಗೆ ಈ ಮೈಕ್ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ಮೊದಲ ಫೋಟೊ ತೆರೆದೆ. ಅವರು ಬಾಯಿ ತೆರೆದರು. ಹೊರಗೆ ಬಂದದ್ದು ಗೋಡೆಗೆ ಉಪ್ಪುಕಾಗದ ಉಜ್ಜಿದಂಥ ಸದ್ದು. ಎದುರೆದುರು ಕೂತು ಮಾತಾಡುವಾಗ ಅದು ಅಷ್ಟು ಗೊತ್ತಾಗುತ್ತಿರಲಿಲ್ಲ. ಇಯರ್‌ಫೋನಿನಲ್ಲಿ ಕೇಳಿದಾಗ ಯಾರೋ ಅಪರಿಚಿತರು ನನ್ನ ಕಿವಿಯಲ್ಲೇ ಉಸಿರುಬಿಟ್ಟ ಹಾಗೆ ಇತ್ತು. ಟೀಚರೂ ಕೇಳಿದರು. ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟರು.

"ಇದು ಬೇಡ. ಮಗು ಹೆದರ್ತದೆ."

ಸಾಯುವ ಹೆದರಿಕೆಯಲ್ಲ ಅವರದ್ದು ಎಂದು ನನಗೆ ಆಗ ತಿಳಿಯಿತು. ಕುತ್ತಿಗೆಯಲ್ಲಿ ತೂತಿರುವ, ಮಾತಿಲ್ಲದ, ಗೊರಗೊರ ಸದ್ದು ಮಾಡುವ ಅಜ್ಜಿಯನ್ನು ಕಂಡು ಮಗು ಚೀರಿ ಓಡಿದರೆ? ಅದೊಂದೇ ಅವರನ್ನು ಒಳಗಿನಿಂದ ತಿನ್ನುತ್ತಿತ್ತು.

ಅವರ ಹಳೆಯ ಮೊಬೈಲುಗಳನ್ನೆಲ್ಲ ತರಿಸಿಕೊಂಡೆ. ಫೋಟೊಗಳಲ್ಲಿ ಹುಡುಕಿದರೆ ಟೀಚರ್ ಎಲ್ಲಿಯೂ ಇಲ್ಲ. ತೆಗೆಯುವವರು ಅವರೇ ಅಲ್ಲವೇ… ಆದರೆ ವಿಡಿಯೊ ತೆರೆದರೆ ಎಲ್ಲದರಲ್ಲೂ ಅವರೇ! ಮುಖವಿಲ್ಲ, ಸ್ವರ ಮಾತ್ರ. ಮಗಳು ಮೊದಲ ಸಲ ಸೀರೆ ಉಟ್ಟು ನಾಚಿಕೊಂಡು ನಿಂತಿದ್ದಾಳೆ, ಹಿಂದಿನಿಂದ "ಇಲ್ಲಿ ನೋಡು, ಇಲ್ಲಿ, ನನ್ನನ್ನು ನೋಡು" ಎಂಬ ಗಂಟೆಯಂಥ ಸ್ವರ. ಮಗಳು ನಮ್ಮ ಓಣಿಯಲ್ಲೇ ಸ್ಕೂಟರ್ ಕಲಿಯುತ್ತಿದ್ದಾಳೆ, "ಬ್ರೇಕ್ ಹಿಡಿ ಮಾರಾಯ್ತಿ, ಬ್ರೇಕ್!" ಎಂದು ಕೂಗು, ಚಿತ್ರ ಆಕಾಶಕ್ಕೆ ತಿರುಗಿ ನಿಂತುಹೋಗುತ್ತದೆ.

ಆ ಸ್ವರಗಳನ್ನು ಬೇರೆ ತೆಗೆದು ಫೋಟೊಗಳ ಕೆಳಗೆ ಹಾಸುತ್ತಾ ಹೋದೆ. ಬೀಚಿನ ವಿಡಿಯೊಗಳಲ್ಲಿದ್ದ ಗಾಳಿಯ ಭೋರ್ಗರೆತವನ್ನು ಆದಷ್ಟು ತಗ್ಗಿಸಿದೆ. ಹಾಡು ಹಾಕಿ ನೋಡಿದೆ. ಅದು ಅವರ ಮಾತನ್ನು ಮುಚ್ಚಿಬಿಡುತ್ತಿತ್ತು. ತೆಗೆದು ಹಾಕಿದೆ.

ಮುಗಿದ ಮೇಲೆ ಅವರಿಗೆ ತೋರಿಸಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಕೈ ಕುತ್ತಿಗೆಗೆ ಹೋಗಿತ್ತು. "ನಿಲ್ಲಿಸು ಮಗಾ," ಎಂದರು. ಮತ್ತೆ ನೋಡಲಿಲ್ಲ.

ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ಅವರ ತಮ್ಮ ಕಾರು ಓಡಿಸುತ್ತಿದ್ದರು, ನಾನು ಹಿಂದೆ ಟೀಚರ ಪಕ್ಕ. ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದೆವು. ಅವರ ಉಗುರು ನನ್ನ ಅಂಗೈಗೆ ಊರುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಈ ಸ್ವರ ಇರುವುದಿಲ್ಲ, ಏನಾದರೂ ಹೇಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ತಿರುಗಿ, "ಗ್ಯಾಸ್ ಬಂದ್ ಮಾಡಿದ್ದೇನಲ್ಲ?" ಎಂದರು. ನಾನು ಹೌದೆಂದೆ. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದೇ.

ಆಪರೇಶನ್ ಸರಿಯಾಗಿ ಆಯಿತು. ಮಗಳಿಗೆ ಹೆಣ್ಣುಮಗು ಹುಟ್ಟಿತು. ಅಮ್ಮನನ್ನು ಮೊದಲ ಸಲ ಕಂಡಾಗ ಮಗಳು ಎಂತ ಹೇಳಿದಳೋ ನನಗೆ ಗೊತ್ತಿಲ್ಲ. ಟೀಚರ್ ಮಾತ್ರ ಮಗಳ ಮನೆಯಲ್ಲಿ ಕುತ್ತಿಗೆಗೆ ಹತ್ತಿಬಟ್ಟೆ ಸುತ್ತಿಕೊಂಡು ಬಾಗಿಲ ಮರೆಯಲ್ಲೇ ನಿಲ್ಲುತ್ತಿದ್ದರು. ಒಮ್ಮೆ ಅವರು ಕೆಮ್ಮಿದಾಗ ಬಟ್ಟೆಯೊಳಗಿಂದ ಬಂದ ಸದ್ದಿಗೆ ಮಗು ಬೆಚ್ಚಿಬಿದ್ದು ನಿಲ್ಲಿಸದೆ ಅತ್ತಿತಂತೆ. ಅಂದೇ ಮಣ್ಣಗುಡ್ಡಕ್ಕೆ ಮರಳಿ ಬಂದರು. ಮತ್ತೆ ಎಷ್ಟು ಕರೆದರೂ ಹೋಗಲಿಲ್ಲ.

ಮಗು ಗೋಡೆ ಹಿಡಿದು ನಡೆಯುವ ಹೊತ್ತಿಗೆ ನಾನೇ ಹಟ ಮಾಡಿ ಅವರನ್ನು ಸುರತ್ಕಲ್ಲಿಗೆ ಕರೆದುಕೊಂಡು ಹೋದೆ. ಮಗಳು ಟಿವಿಗೆ ಸ್ಲೈಡ್‌ಶೋ ಹಾಕಿದಳು. ಟೀಚರ್ ಮೂಲೆಯ ಕುರ್ಚಿಯಲ್ಲಿ, ಓಡಿಹೋಗಲು ತಯಾರಾದವರಂತೆ ಕೂತಿದ್ದರು. "ಇಲ್ಲಿ ನೋಡು, ಇಲ್ಲಿ, ನನ್ನನ್ನು ನೋಡು…" ಮಗು ಯಾರು ಕರೆದದ್ದೆಂದು ಸುತ್ತ ನೋಡಿತು. ಆಗ ಟೀಚರ ತುಟಿ ಅಲುಗಿತು. ಟಿವಿಯ ಸ್ವರಕ್ಕೆ ಸರಿಯಾಗಿ, ಅಕ್ಷರ ತಪ್ಪದೆ.

ಮಗು ತತ್ತರಿಸುತ್ತಾ ಹೋಗಿ ಅವರ ಮಡಿಲಿಗೆ ಆತುಕೊಂಡಿತು. ಬಾಯಿ ಮುಟ್ಟಿತು. ಆಮೇಲೆ ಕುತ್ತಿಗೆಯ ಬಟ್ಟೆ ಹಿಡಿದೆಳೆಯಿತು. ಟೀಚರ್ ಥಟ್ಟನೆ ಆ ಕೈ ಹಿಡಿದರು… ಹಿಡಿದುಕೊಂಡೇ ಇದ್ದರು… ಮೆಲ್ಲನೆ ಬಿಟ್ಟರು. ತೂತಿನ ಬಿಸಿ ಉಸಿರು ಅಂಗೈಗೆ ತಾಗಿದ್ದೇ ಮಗು ಕೈ ಹಿಂದೆಳೆದು, ಮತ್ತೆ ಚಾಚಿ, ಕಿಲಕಿಲ ನಕ್ಕಿತು. ಟೀಚರ್ ಅಳುತ್ತಿದ್ದರು. ಅದಕ್ಕೂ ಸದ್ದಿರಲಿಲ್ಲ.

ಕಾಯಿಲೆ ಮರಳಿ ಬಂತು. ಮಗು ಶಾಲೆಗೆ ಸೇರುವುದನ್ನು ಅವರು ನೋಡಲಿಲ್ಲ.

ಮೊನ್ನೆ ಸುರತ್ಕಲ್ಲಿಗೆ ಹೋಗಿದ್ದೆ. ಹುಡುಗಿ ಶಾಲೆಯಿಂದ ಬಂದವಳೇ ತಾನಾಗಿ ಸ್ಲೈಡ್‌ಶೋ ಹಾಕಿ ಕೂತಳು. ಅವಳ ಅಮ್ಮ ಎದ್ದು ಅಡಿಗೆಮನೆಗೆ ಹೋಗಿ, ಪಾತ್ರೆಯೇ ಇಲ್ಲದ ಸಿಂಕಿನಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನಾನು ಹಿಂದೆಯೇ ಹೋಗಿ ಎಂತಾಯಿತು ಎಂದೆ.

"ಕೇಳ್ಲಿಕ್ಕೆ ಆಗುದಿಲ್ಲ ಅಕ್ಕ. ಅಮ್ಮ ಕರೆದ ಹಾಗೆಯೇ ಉಂಟಲ್ಲ… ಒಂದು ದಿನ 'ಓ' ಅಂದುಬಿಡ್ತೇನೆ ಅಂತ ಹೆದರಿಕೆ."

ನೀರು ಸುರಿಯುತ್ತಲೇ ಇತ್ತು. ನಾವಿಬ್ಬರೂ ಅಲ್ಲೇ ನಿಂತೆವು.